ಝುಲ್ಮಾಳ ತುಟಿ ಆಡಿದ ಮಾತು

ಪ್ಯಾರಿಸ್,
ಸೋಮವಾರ, 9 ಮಾರ್ಚ್ 1964

ಮಗ್ಗದ ಮುಂದೆ ನಿಲ್ಲಿಸಿ, ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿಸಿದ ಝುಲ್ಮಾಳಿಗೆ ನಿನ್ನ ಎದ್ವೀಜ್ ಬರೆಯುವುದು.

ನಿನ್ನ ಕಾಗದ ಶನಿವಾರವೇ ಬಂತು. ಎರಡು ದಿನ ಅದನ್ನು ಮೇಜಿನ ಮೇಲಿಟ್ಟು ಅದರ ಸುತ್ತ ತಿರುಗಿದೆ. ಗುರುವಾರ ಲಿಲ್ ನಗರದ ಕೋರ್ಟಿನಲ್ಲಿ ಗಿರಣಿ ಬೆಂಕಿಯ ಮೊಕದ್ದಮೆ, ನೀನೇ ಮುಖ್ಯ ಸಾಕ್ಷಿ, ನಮ್ಮ ಸಿನಿಮಾವನ್ನು ನ್ಯಾಯಾಧೀಶರು ನೋಡಬೇಕೆಂದು ನೀನೇ ಕೇಳಿಕೊಂಡೆ, ಯಜಮಾನ ವೆರ್ಲಿಂಡ್‌ನ ವಕೀಲ ಚಕಾರ ಎತ್ತದೆ ಒಪ್ಪಿಬಿಟ್ಟ ಎಂದೆಲ್ಲ ಬರೆದಿದ್ದೀಯ. "ಹೆದ್ರಿದಾನೆ ಕಣೇ ಕೂಸೇ, ಹಣೆ ಒರೆಸ್ಕೊಳ್ತಿದ್ದ" ಎಂದು ಬರೆದು ಅದರ ಕೆಳಗೆ ಎರಡೆರಡು ಗೆರೆ ಎಳೆದಿದ್ದೀಯ.

ಅವನು ಹೆದರಿಲ್ಲ, ಝುಲ್ಮಾ. ಆ ಸಿನಿಮಾ ತೋರಿಸಲು ಬಿಡಬೇಡ. ತೋರಿಸಿದರೆ ನೀನು ಸೋಲುತ್ತೀಯ. ನಿನ್ನ ಮಗಳು ಲಿಲಿಯಾನ್ ಇನ್ನೊಂದು ಸಲ ಸಾಯುತ್ತಾಳೆ.

ಯಾಕೆಂದು ಒಂದೇ ಉಸಿರಿಗೆ ಹೇಳುವ ಬಾಯಿ ನನಗಿಲ್ಲ. ಹದಿನೆಂಟು ವರ್ಷ ಯಾರೋ ಬರೆದುಕೊಟ್ಟದ್ದನ್ನು ಆಡಿದ ಬಾಯಿ ಇದು. ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳಿಕೋ.

ಯುದ್ಧ ಮುಗಿದ ಮರುವರ್ಷ ಹಿರಿಯ ವೆರ್ಲಿಂಡ್‌ಗೆ, ಈಗಿನವನ ಅಪ್ಪನಿಗೆ, ದಾನಶೂರನಾಗುವ ಹುಚ್ಚು ಹಿಡಿದು, ಗಿರಣಿಗೊಬ್ಬಳು ರಾಣಿ ಬೇಕೆಂದ. ನಾವು ನೇಯ್ದ ಬಟ್ಟೆಯನ್ನೇ ನಮಗೆ ಉಡಿಸಿ, ತಗಡಿನ ಕಿರೀಟ ಇಟ್ಟು, ರೂಬೆ ಊರಿನ ಬೀದಿಯಲ್ಲಿ ಲಾರಿಯ ಮೇಲೆ ಮೆರವಣಿಗೆ ಮಾಡಿದರು. ರಾಣಿ ನಾನು. ಪ್ಯಾರಿಸ್‌ನಿಂದ ಬಂದ ಫೋಟೋದವನು ಸಿನಿಮಾ ಕಂಪನಿಯೊಂದರ ವಿಳಾಸ ಕೊಟ್ಟ. ನಾನು ಹೆದರಿ ಅಳುತ್ತಿದ್ದೆ. ನೀನು ನಿನ್ನ ಒಳ್ಳೆಯ ಬೂಟು ಬಿಚ್ಚಿ ನನ್ನ ಕಾಲಿಗೆ ಹಾಕಿ, "ಹೋಗೇ ಹೋಗು, ಇಲ್ಲೇ ಇದ್ರೆ ಮೂವತ್ತಕ್ಕೆ ನನ್ ಥರ ಕೆಮ್ಮಿಕೊಂಡು ಕೂರ್ತೀಯ. ನಿನ್ ಮಗ್ಗಾನೂ ನಾನೇ ನೋಡ್ಕೋತೀನಿ, ಮೇಸ್ತ್ರಿ ಕೇಳಿದ್ರೆ ಭೇದಿ ಅಂತೀನಿ" ಎಂದೆ. ಒಂದು ವಾರ ನಿನ್ನವೆರಡು, ನನ್ನವೆರಡು, ನಾಲ್ಕು ಮಗ್ಗ ನೀನೊಬ್ಬಳೇ ಓಡಿಸಿದೆ. ಮೇಸ್ತ್ರಿ ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಿರುಗಿ ಬರಲೇ ಇಲ್ಲವಲ್ಲ.

ಇಲ್ಲಿ ಮೊದಲು ಕಿತ್ತದ್ದು ನನ್ನ ಹೆಸರನ್ನು. ಎದ್ವೀಜ್ ಹೋಗಿ ಇವ್ ಮಾರ್ಸಾನ್ ಬಂದಳು. ಆಮೇಲೆ ಮಾತನ್ನು. ಹಲ್ಲುಗಳ ನಡುವೆ ಬಾಟಲಿಯ ಬಿರಡೆ ಕಚ್ಚಿಸಿ ದಿನಕ್ಕೆ ಎರಡು ಗಂಟೆ ಓದಿಸುತ್ತಿದ್ದಳು ಒಬ್ಬ ಮುದುಕಿ. "ನಿನ್ ಬಾಯಲ್ಲಿ ಇನ್ನೂ ಆಲೂಗಡ್ಡೆ ಇದೆ ಮಗಳೇ, ಉಗಿ, ಉಗಿ!" ಎನ್ನುತ್ತಿದ್ದಳು. ಉಗಿದೆ. ನಮ್ಮಮ್ಮ ಕಲಿಸಿದ ಮಾತನ್ನು ಒಂದೊಂದಾಗಿ ಉಗಿದೆ. ಒಂದು ವರ್ಷದ ಮೇಲೆ ಅಮ್ಮನಿಗೆ ಅಂಚೆ ಕಚೇರಿಯಿಂದ ಫೋನ್ ಮಾಡಿಸಿದಾಗ ಅವಳು "ಯಾರಮ್ಮಾ ತಾವು?" ಎಂದು ಬಹುವಚನ ಹಚ್ಚಿದಳು.

ಮೂವತ್ತೊಂದು ಸಿನಿಮಾ ಮಾಡಿದೆ. ಕೆಲಸದವಳು, ಕಳ್ಳನ ಗೆಳತಿ, ಸಾಹುಕಾರ ಇಟ್ಟುಕೊಂಡವಳು. ಹನ್ನೊಂದರಲ್ಲಿ ಸತ್ತೆ. ನೇಕಾರಳಾಗಿ ಒಂದರಲ್ಲೂ ಬದುಕಲಿಲ್ಲ. ನೇಕಾರರು ಸಿನಿಮಾದಲ್ಲಿ ಇರುವುದಿಲ್ಲ, ಪರದೆಯ ಬಟ್ಟೆ ನೇಯುವುದಷ್ಟೇ ಅವರ ಪಾಲು. ಮೂವತ್ತೈದು ದಾಟಿದಾಗ ಒಬ್ಬ ಮಹಾಶಯ ಹೇಳಿದ: "ಪ್ರೇಯಸಿ ಪಾತ್ರಕ್ಕೆ ಐದು ವರ್ಷ ತಡ ಮಾಡ್ದೆ, ತಾಯಿ ಪಾತ್ರಕ್ಕೆ ಐದು ವರ್ಷ ಬೇಗ ಬಂದೆ. ಮನೇಲಿರು." ಮನೆಯಲ್ಲಿ ಇದ್ದಾಗಲೇ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಓದಿದ್ದು. ರೂಬೆಯ ನೂಲು ಗೋದಾಮಿನಲ್ಲಿ ಬೆಂಕಿ, ಆರು ಹುಡುಗಿಯರ ಸಾವು. ಹೆಸರಿರಲಿಲ್ಲ. ಆರರಲ್ಲಿ ಒಬ್ಬಳು ನಿನ್ನ ಲಿಲಿಯಾನ್ ಎಂದು ನನಗೆ ತಿಳಿದದ್ದು ಹತ್ತು ದಿನದ ಮೇಲೆ, ನಮ್ಮ ವಠಾರದ ಫ್ಲೋರ್ ಬರೆದ ಕಾಗದದಿಂದ. "ನೀನು ಮಣ್ಣಿಗೆ ಬರ್ಲಿಲ್ಲ. ಇರ್ಲಿ, ಸಿನಿಮಾದೋರಿಗೆ ಪುರುಸೊತ್ತಿರಲ್ಲ" ಎಂದು ಚುಚ್ಚಿದ್ದಳು.

ಆ ಚುಚ್ಚು ನನ್ನನ್ನು ಎಬ್ಬಿಸಿತು. ನಾನೇ ಸಿನಿಮಾ ಮಾಡುತ್ತೇನೆ ಎಂದೆ. ನಿರ್ಮಾಪಕ ಫ್ರೆಮೋಂ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ಕ್ಯಾಮೆರಾದ ಯಾವ ಕಡೆ ನಿಲ್ಬೇಕು ಗೊತ್ತೇನಮ್ಮಾ?" ಎಂಟು ತಿಂಗಳು ಅವನ ಬಾಗಿಲು ಕಾದೆ. ಕೊನೆಗೆ ಒಪ್ಪಿದ. ನಟಿಯರು ಬೇಡ, ನಮ್ಮ ವಠಾರದವರೇ ಸಾಕು ಎಂದೆ. ಅದಕ್ಕೂ ಒಪ್ಪಿದ, ಸೋವಿ ನೋಡು.

ಆ ಬೇಸಿಗೆ ನೆನಪಿದೆಯಲ್ಲ. ನಿನ್ನ ಅಡುಗೆ ಮನೆಯಲ್ಲಿ ಕ್ಯಾಮೆರಾ, ಸಿಂಕಿನ ಮೇಲೆ ದೀಪ, ಕಿಟಕಿಯ ಹೊರಗೆ ಫ್ಲೋರಳ ಗಂಡನ ಪಾರಿವಾಳಗಳ ಗುಟುರು. ನೀನು ಚಿಕೋರಿ ಕಾಫಿ ಸೋಸುತ್ತಾ ಮಾತಾಡಬೇಕು, ಅಷ್ಟೇ. ಮಾತು ಬರೆದುಕೊಟ್ಟಿರಲಿಲ್ಲ. ನೀನು ಸೋಸುವುದನ್ನು ನಿಲ್ಲಿಸಿ, ನೇರ ಕ್ಯಾಮೆರಾ ನೋಡಿ ಅಂದೆ: "ಗೋದಾಮಿನ ಬಾಗ್ಲಿಗೆ ಹೊರಗಿಂದ ಬೀಗ ಹಾಕ್ಸಿದ್ದು ಯಜಮಾನ ವೆರ್ಲಿಂಡ್. ನೂಲು ಕದೀತೀವಂತೆ. ಕೀಲಿಕೈ ಅವನ ಕೋಟಿನ ಜೇಬಲ್ಲಿತ್ತು, ನನ್ ಕಣ್ಣಾರೆ ನೋಡಿದೀನಿ. ನನ್ ಮಗಳು ಒಳಗಿಂದ ಬಾಗ್ಲು ಗುದ್ದುತಿದ್ಲು. ನಾನು ಹೊರಗಿಂದ ಗುದ್ದುತಿದ್ದೆ. ಅವನು ಜೇಬಿಗೆ ಕೈ ಹಾಕ್ಕೊಂಡು ನಿಂತಿದ್ದ." ನಾಲ್ಕು ನಿಮಿಷ. ಕಣ್ಣು ಮಿಟುಕಿಸಲಿಲ್ಲ ನೀನು. ಧ್ವನಿ ಹಿಡಿಯುವವನು ಕಿವಿಗೆ ಹಾಕಿದ್ದನ್ನು ಕಿತ್ತಿಟ್ಟು ಹೊರಗೆ ಹೋದ. "ಸರಿ ಬಂತೇನೇ? ಇನ್ನೊಂದ್ಸಲ ಹೇಳ್ಬೇಕಾ?" ಎಂದು ನನ್ನ ತುಟಿ ನೋಡಿ ಕೇಳಿದೆ ನೀನು.

ಸರಿ ಬಂದಿತ್ತು. ಅದಕ್ಕೇ ಕೆಟ್ಟಿತು.

ಗಿರಣಿಯ ಒಳಗೆ ಚಿತ್ರ ತೆಗೆಯಲು ವೆರ್ಲಿಂಡ್ ಬಿಟ್ಟಿದ್ದ. ಹೊಸ ಮಗ್ಗಗಳನ್ನು ಲೋಕಕ್ಕೆ ತೋರಿಸಿಕೊಳ್ಳುವ ಚಪಲ. ಆದರೆ ಬಿಡುಗಡೆಗೆ ಮುಂಚೆ ತನಗೆ ತೋರಿಸಬೇಕೆಂದು ಬರೆಸಿಕೊಂಡಿದ್ದ. ತೋರಿಸಿದೆವು. ದೀಪ ಹತ್ತಿದಾಗ ಅವನು ನನ್ನ ಕಡೆ ನೋಡಲೇ ಇಲ್ಲ. ಫ್ರೆಮೋಂನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದೊಯ್ದ. ಅರ್ಧ ಗಂಟೆಯ ಮೇಲೆ ಫ್ರೆಮೋಂ ಒಬ್ಬನೇ ಬಂದ. ಆ ದೃಶ್ಯ ಇದ್ದರೆ ಸಿನಿಮಾ ಡಬ್ಬದಲ್ಲೇ ಕೊಳೆಯುತ್ತದೆ, ಜನ್ಮದಲ್ಲಿ ಇನ್ನೊಂದು ಸಿನಿಮಾಕ್ಕೆ ನಿನಗೆ ಯಾರೂ ಕ್ಯಾಮೆರಾ ಕೊಡುವುದಿಲ್ಲ ಎಂದ. ದೃಶ್ಯ ತೆಗೆದರೆ ಸಿನಿಮಾವೇ ಇಲ್ಲ ಎಂದೆ ನಾನು. ಆಗ ಅವನು ಒಂದು ದಾರಿ ಹೇಳಿದ.

"ಮುಖ ಇರ್ಲಿ. ಅಂಥಾ ಮುಖ ಎಲ್ಲಿ ಸಿಗತ್ತೆ! ಮಾತು ಬದಲಾಯ್ಸು."

ಝುಲ್ಮಾ, ಆ ಮಾತಿನಲ್ಲಿ ಈ ದೇಶದ ನೀತಿ ಪೂರ್ತಿ ಇದೆ. ಬಡವರ ಮುಖ ಬೇಕು. ಸುಕ್ಕು ಬೇಕು, ಒಡೆದ ಕೈ ಬೇಕು, ಕಣ್ಣೀರು ಬೇಕು. ಅವರ ಮಾತು ಬೇಡ.

ನಾನು ಚೀರಿದೆ, ಬಾಗಿಲು ಬಡಿದು ಹೊರಗೆ ಹೋದೆ, ಮೂರು ದಿನ ಊಟ ಬಿಟ್ಟೆ. ನಾಲ್ಕನೆಯ ದಿನ ಒಪ್ಪಿದೆ. ಇದನ್ನು ಎಷ್ಟು ತಿರುಗಿಸಿ ಬರೆದರೂ ಒಪ್ಪಿದೆ ಎಂಬ ಜಾಗಕ್ಕೇ ಬರುತ್ತೇನೆ.

ಆ ಕೆಲಸ ಹೇಗೆ ಮಾಡುತ್ತಾರೆ ಗೊತ್ತೇ? ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ನಿನ್ನ ಮುಖ. ಅದರ ಕೆಳಗೆ ಉದ್ದನೆಯ ಪಟ್ಟಿಯೊಂದು ಓಡುತ್ತದೆ, ಅದರ ಮೇಲೆ ಕೈಯಲ್ಲಿ ಬರೆದ ಹೊಸ ಮಾತು. ಮಾತು ಒಂದು ಗೆರೆಗೆ ಬಂದು ತಾಗಿದ ಕ್ಷಣಕ್ಕೆ ಮೈಕಿನ ಮುಂದೆ ನಿಂತವಳು ಅದನ್ನು ಆಡಬೇಕು. ಪಟ್ಟಿ ಬರೆಯುವ ಮಾದಾಂ ಉಗೆತ್ ಒಂದು ವಾರ ನಿನ್ನ ತುಟಿಗಳನ್ನು ನಿಲ್ಲಿಸಿ, ಓಡಿಸಿ, ಮತ್ತೆ ನಿಲ್ಲಿಸಿ ನೋಡಿದಳು. "ಪ, ಬ, ಮ ಬಂದ ಕಡೆ ತುಟಿ ಮುಚ್ಚತ್ತೆ. ಅಲ್ಲಿ ನಾವೂ ಮುಚ್ಚೋ ಮಾತೇ ಇಡ್ಬೇಕು. ಇಲ್ದಿದ್ರೆ ಸುಳ್ಳು ಅಂತ ಸಿಕ್ಕಿಬೀಳತ್ತೆ" ಎಂದು ನನಗೆ ಕಲಿಸಿದಳು. ದರ್ಜಿಯ ಕೆಲಸದಂತೆ. ಹೆಣದ ಅಳತೆಗೆ ಕೋಟು.

ನಿನ್ನ ಬಾಯಿಗೆ ನಾವು ಹೊಲಿದ ಮಾತು ಇದು: "ಗೋದಾಮಿನ ಬಾಗ್ಲು ತೆಗೆದೇ ಇತ್ತು, ಪಾಪ. ಹೊಗೇಲಿ ಮಕ್ಕಳಿಗೆ ದಾರಿ ಕಾಣ್ಲಿಲ್ಲ. ಯಜಮಾನ್ರು ಕೂಗ್ತಾನೇ ಇದ್ರು. ಯಾರದ್ದೂ ತಪ್ಪಲ್ಲ, ದೇವರಿಚ್ಛೆ."

ಇನ್ನೊಂದು ಸಲ ಓದು. ಗುರುವಾರ ನ್ಯಾಯಾಧೀಶರ ಕಿವಿಗೆ ಬೀಳುವುದು ಇದು. ವಕೀಲ ಬೆವರು ಒರೆಸಿಕೊಂಡದ್ದು ಹೆದರಿಕೆಗಲ್ಲ. ಸತ್ತವಳ ತಾಯಿಯೇ ತನ್ನ ಕಕ್ಷಿದಾರನನ್ನು ಬಿಡಿಸಿಕೊಡಲು ಬರುತ್ತಿದ್ದಾಳೆ ಎಂದು ಅವನಿಗೆ ನಂಬಲಾಗಲಿಲ್ಲ.

ನಿನ್ನ ದನಿ ಹಿಡಿದ ಟೇಪು ಇದೆಯಲ್ಲ ಎನ್ನುತ್ತೀಯ. ಇಲ್ಲ. ಕೆಲಸ ಮುಗಿದ ಟೇಪನ್ನು ಅಳಿಸಿ ಬೇರೆ ಸಿನಿಮಾಕ್ಕೆ ಕೊಡುವುದು ಇಲ್ಲಿಯ ರೂಢಿ. ನೀನು ನಾಲ್ಕು ನಿಮಿಷ ಸುಟ್ಟುಕೊಂಡು ಹೇಳಿದ್ದರ ಮೇಲೆ ಈಗ ಯಾವುದೋ ಮದುವೆ ಹಾಸ್ಯದ ಬ್ಯಾಂಡು ಬಾರಿಸುತ್ತಿದೆ.

ದನಿ ಕೊಟ್ಟವಳು ನಾಟಕ ಶಾಲೆಯಿಂದ ಆಗಷ್ಟೇ ಹೊರಬಂದ ಒಬ್ಬ ಹುಡುಗಿ. ಹೆಸರು ಕೇಳಬೇಡ. ಈಗ ಎಲ್ಲಿದ್ದಾಳೋ. ಅವಳನ್ನು ಬೈಯಬೇಡ, ಅವಳಿಗೆ ಹೊಟ್ಟೆಪಾಡು, ಪಟ್ಟಿಯಲ್ಲಿ ಇದ್ದುದನ್ನು ಓದಿದಳು ಅಷ್ಟೇ.

ಪ್ಯಾರಿಸ್‌ನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನಿನ್ನ ಮುಖ ಎಲ್ಲ ಪತ್ರಿಕೆಗಳಲ್ಲೂ ಬಂತು. "ವಿಧಿಯನ್ನು ಒಪ್ಪಿಕೊಂಡ ತಾಯಿಯ ಶಾಂತ ಗಾಂಭೀರ್ಯ" ಎಂದು ಬರೆದರು. ನನಗೆ ಬಹುಮಾನ ಕೊಟ್ಟರು. ತೆಗೆದುಕೊಂಡೆ, ನಾಲ್ಕು ಮಾತೂ ಆಡಿದೆ. ಕಾರ್ಮಿಕರ ಬಗ್ಗೆ. ಚಪ್ಪಾಳೆ ಬಿತ್ತು.

ಇನ್ನು ಹೋದ ತಿಂಗಳ ಆ ಭಾನುವಾರ. ರೂಬೆಯಲ್ಲಿ ಮಧ್ಯಾಹ್ನದ ಆಟ, ಮೂರು ಗಿರಣಿಯ ಹೆಂಗಸರು ಟೋಪಿ ಹಾಕಿಕೊಂಡು ಬಂದಿದ್ದರು. ನಾನು ಅಲ್ಲಿಗೆ ಹೆದರದೆ ಬಂದೆ ಏಕೆ ಗೊತ್ತೇ? ಮೂವತ್ತು ವರ್ಷ ಮಗ್ಗದ ಬಡಿತಕ್ಕೆ ನಿನ್ನ ಎರಡು ಕಿವಿಯೂ ಹೋಗಿವೆ. ಈ ಕಿವುಡಿಗೆ ಹೇಗೂ ಕೇಳಿಸದು ಎಂದುಕೊಂಡೆ. ಉಳಿದವರಿಗೆ ನೀನು ಹೇಳಿದ್ದು ಏನೆಂದು ಗೊತ್ತಿಲ್ಲ, ಪರದೆಯ ಮೇಲೆ ಕೇಳಿದ್ದನ್ನೇ ನಿನ್ನ ಮಾತೆಂದು ನಂಬುತ್ತಾರೆ ಎಂದುಕೊಂಡೆ. ನಿನ್ನ ಕಿವುಡನ್ನು ನಾನು ನನ್ನ ಅನುಕೂಲದ ಲೆಕ್ಕಕ್ಕೆ ಹಿಡಿದೆ. ಬರೆದಿದ್ದೇನೆ, ಓದಿಕೋ.

ಆರು ವರ್ಷ ಮಗ್ಗದ ಮುಂದೆ ನಿಂತವಳು ನಾನು ಒಂದು ವಿಷಯ ಮರೆತಿದ್ದೆ. ಮಾದಾಂ ಉಗೆತ್‌ಗೆ ಅದು ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಿರಬೇಕಿತ್ತು. ಇನ್ನೂರು ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದ ನಮ್ಮ ಹೆಂಗಸರು ತುಟಿಯಿಂದ ತುಟಿಗೆ ಮಾತಾಡುವವರು. ಯಾರದೋ ಬಸುರಿನ ಸುದ್ದಿ, ಸಾಲಿನ ಆ ತುದಿಯಿಂದ ಈ ತುದಿಗೆ, ಸದ್ದಿಲ್ಲದೆ ಮೇಸ್ತ್ರಿಯ ಬೆನ್ನ ಹಿಂದೆ ಹೋಗುತ್ತಿತ್ತು. ನನಗೆ ಅದನ್ನು ಕಲಿಸಿದವಳು ನೀನೇ. ಪ್ಯಾರಿಸ್‌ಗೆ ಸಾಕಾದ ಹೊಲಿಗೆ ಅವರ ಕಣ್ಣಿಗೆ ಎಲ್ಲಿ ಸಾಕು!

ನಿನ್ನ ಮುಖ ಪರದೆಯ ತುಂಬ ಬಂದಾಗ ಸುತ್ತ ನೋಡಿದೆ. ಇಡೀ ಥಿಯೇಟರಿನ ಹೆಂಗಸರ ತುಟಿಗಳು ನಿನ್ನ ತುಟಿಯ ಜೊತೆಗೇ ಅಲುಗುತ್ತಿದ್ದವು. ಬೀಗ. ಕೀಲಿಕೈ. ಜೇಬು. ಅವರು ನಿನ್ನನ್ನು ಓದುತ್ತಿದ್ದರು. ಕಿವಿಗೆ ಮಾತ್ರ ದೇವರಿಚ್ಛೆ ಬೀಳುತ್ತಿತ್ತು. ಒಬ್ಬೊಬ್ಬರೇ ತಿರುಗಿ ನನ್ನನ್ನು ನೋಡಿದರು. ಹಿಂದಿನಿಂದ ಫ್ಲೋರ್ ಗಟ್ಟಿಯಾಗಿಯೇ ಅಂದಳು: "ವಾರೆವ್ಹಾ! ಬಾಯಿ ನಮ್ದು, ದನಿ ಯಜಮಾನಂದು!"

ನಿನಗೆ ಅದೂ ಕೇಳಿಸಲಿಲ್ಲ. ಕಿವಿ ಇಲ್ಲದ ನೀನೊಬ್ಬಳೇ ಆ ಥಿಯೇಟರಿನಲ್ಲಿ ನಿನ್ನ ಮಾತನ್ನು ಇಡಿಯಾಗಿ ಕೇಳಿದವಳು. ದೀಪ ಹತ್ತಿದ ಕೂಡಲೇ ಕುರ್ಚಿಗಳನ್ನು ದಾಟಿ ಬಂದು ನನ್ನ ಕೆನ್ನೆ ಎರಡೂ ಹಿಡಿದೆ. "ಒಂದಕ್ಷರ ಬಿಟ್ಟಿಲ್ಲ ಕಣೇ! ನಿಂಗೂ ಅವ್ರು ಬಾಯಿ ಹೊಲಿದಿರ್ತಾರೆ ಅಂತ ಹೆದ್ರಿದ್ದೆ. ಒಂದಕ್ಷರ ಬಿಟ್ಟಿಲ್ಲ!" ಎಂದೆ. ನಗುತ್ತಿದ್ದೆ ನೀನು. ಬೆಂಕಿಯ ದಿನದಿಂದ ನೀನು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲವಂತೆ. ನಾನು ನಿನ್ನ ಹೆಗಲ ಮೇಲೆ ಮುಖವಿಟ್ಟು, ನನ್ನ ತುಟಿ ನಿನಗೆ ಕಾಣದ ಹಾಗೆ ನೋಡಿಕೊಂಡೆ.

ಆಮೇಲೆ ಬೀದಿಯಲ್ಲಿ ನೀನು ನನ್ನ ತೋಳು ಹಿಡಿದು, ಎಲ್ಲರಿಗೂ ತೋರಿಸುತ್ತಾ ನಡೆದೆ. ಬೀದಿಯ ಆಚೆ ಬದಿಯಲ್ಲಿ ಫ್ಲೋರ್ ನಿಂತಿದ್ದಳು. ನೀನು ಬೇರೆ ಕಡೆ ತಿರುಗಿದ್ದ ಗಳಿಗೆ ನೋಡಿ, ಸದ್ದಿಲ್ಲದೆ ತುಟಿಯಲ್ಲೇ ನನಗೆ ಹೇಳಿದಳು: "ನಾವು ಹೇಳಲ್ಲ. ಅವ್ಳು ನಗ್ತಿದಾಳೆ, ನಮ್ಗೆ ಬಾಯಿ ಬರಲ್ಲ. ಮಾಡಿದೋಳು ನೀನು, ನೀನೇ ಹೇಳು." ಒಂದೂ ಶಬ್ದವಿಲ್ಲ. ಅಷ್ಟು ಸ್ಪಷ್ಟವಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಹೇಳಬೇಕೆಂದೇ ನಿನ್ನ ಮನೆಗೆ ಬಂದೆ. ನೀನು ಬ್ರೆಡ್ಡಿಗೆ ಬೆಣ್ಣೆ ಸವರಿ ಕಂದು ಸಕ್ಕರೆ ಉದುರಿಸಿ ಕೊಟ್ಟೆ, ಚಿಕ್ಕವಳಿದ್ದಾಗ ಕೊಟ್ಟಂತೆ. ತಿಂದೆ. ಐದೂವರೆಯ ರೈಲು ಹಿಡಿದೆ.

ಈಗ ಮಾಡಬೇಕಾದ್ದು ಕೇಳು. ಈ ಕಾಗದ ಮಂಗಳವಾರ ಸಂಜೆಗೆ ನಿನ್ನ ಕೈಗೆ ಸಿಗುತ್ತದೆ. ಬುಧವಾರ ಬೆಳಿಗ್ಗೆಯೇ ಫ್ಲೋರಳನ್ನು ಕರೆದುಕೊಂಡು ಕಾರ್ಮಿಕ ಸಂಘದ ವಕೀಲರಲ್ಲಿಗೆ ಹೋಗು. ಸಿನಿಮಾ ಬೇಡ ಎಂದು ಬರೆದುಕೊಡು. ಕೋರ್ಟಿನವರು ಅದನ್ನು ಹಿಂತೆಗೆದುಕೊಳ್ಳಲು ಬಿಡದಿದ್ದರೆ, ಪರದೆ ಇಳಿಸುವ ಮೊದಲೇ ಎದ್ದು ನಿಂತು ಆ ದನಿ ನನ್ನದಲ್ಲ ಎಂದು ಹೇಳು. ಗಟ್ಟಿಯಾಗಿ ಹೇಳು. ನೀನು ಗಟ್ಟಿಯಾಗಿಯೇ ಮಾತಾಡುವವಳು, ಆ ಒಂದು ಉಪಕಾರ ಮಗ್ಗ ನಿನಗೆ ಮಾಡಿದೆ. ಹೆಂಗಸರನ್ನು ಕರೆದೊಯ್ಯಿ, ಅವರು ತುಟಿ ಓದಿ ಸಾಕ್ಷಿ ಹೇಳಲಿ. ನ್ಯಾಯಾಧೀಶರು ನಗಬಹುದು. ಗಿರಣಿಯ ಹೆಂಗಸರ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿದ ಕೋರ್ಟನ್ನು ನಾನಂತೂ ಕಂಡಿಲ್ಲ. ಆದರೂ ಕರೆದೊಯ್ಯಿ.

ನನಗೆ ಬರಲಾಗುವುದಿಲ್ಲ. ಬುಧವಾರದಿಂದ ನೀಸ್‌ನಲ್ಲಿ ಶೂಟಿಂಗ್. ಫ್ರೆಮೋಂನದೇ ಸಿನಿಮಾ. ಎರಡನೆಯ ಸಿನಿಮಾ ನಿರ್ದೇಶಿಸಲು ಕೊಡುತ್ತೇನೆ ಎಂದಿದ್ದಾನೆ, ಅದಕ್ಕೆ ಮುಂಚೆ ಇದರಲ್ಲಿ ನಟಿಸಬೇಕಂತೆ. ಮಾಡಲೇಬೇಕಾದ ಸಿನಿಮಾ ಎಂದು ನಾನು ನಂಬಿಕೊಂಡಿದ್ದೇನೆ. ಮೊದಲನೆಯದನ್ನೂ ಹಾಗೆಯೇ ನಂಬಿಕೊಂಡಿದ್ದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ಇನ್ನೂ ಒಂದು ವಾರ ನನ್ನ ಮಗ್ಗ ಓಡಿಸಿಕೊಡು ಎಂದು ನಿನ್ನನ್ನೇ ಕೇಳಿದಂತೆ. ಬೈದು ಬರೆ. ಬರೆಯದಿದ್ದರೂ ಸರಿ.

ಆರೋಗ್ಯ ನೋಡಿಕೋ. ಕೋರ್ಟಿನಲ್ಲಿ ಬಹಳ ಹೊತ್ತು ನಿಲ್ಲಿಸುತ್ತಾರೆ, ಕುರ್ಚಿ ಕೇಳು.

ನಿನ್ನ
ಎದ್ವೀಜ್

ಮತ್ತೊಂದು ಮಾತು: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ನಾಟಕ ಶಾಲೆಯ ಹುಡುಗಿ ಎಂದದ್ದು ಸುಳ್ಳು. ಮೂವರನ್ನು ಕರೆಸಿದ್ದರು, ಅದು ನಿಜ. ಮೂವರ ಬಾಯಲ್ಲೂ ನಮ್ಮೂರ ಮಾತು ಅಂಟಿಸಿಕೊಂಡ ಗಡ್ಡದ ಹಾಗೆ ಕಂಡಿತು. ಫ್ರೆಮೋಂ ನನ್ನ ಕಡೆ ನೋಡಿದ. ನಾನೇ ಮೈಕಿನ ಮುಂದೆ ಹೋದೆ. ಬಿರಡೆ ಕಚ್ಚಿ ಉಗಿದಿದ್ದ ಅಮ್ಮನ ಮಾತು ಹದಿನಾರು ವರ್ಷದ ಮೇಲೆ, ಕರೆದ ಕೂಡಲೇ ಬಂತು. ಒಂದೇ ಸಲಕ್ಕೆ ಸರಿಹೋಯಿತು. ಮೈ ಮರೆತು ಆಡಿದೆ, ಚೆನ್ನಾಗಿ ಆಡಿದೆ ಝುಲ್ಮಾ, ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಆಡಿರಲಿಲ್ಲ. ದನಿ ಯಾರದು ಎಂದು ಕೋರ್ಟಿನಲ್ಲಿ ಕೇಳಿದರೆ ಈ ಹಾಳೆಯನ್ನು ಕೊಡು, ಸಹಿ ಇದೆ. ನನ್ನನ್ನು ಮಾತ್ರ ಕರೆಸಬೇಡ. ಅಲ್ಲಿ ನಿಲ್ಲಿಸಿ ಕೇಳಿದರೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ.